ನಿಲ್ಲಿಸಲು ಜಾಗವಿಲ್ಲದ ದಾರಿ

ಕಲಬುರಗಿಯಿಂದ ಕಮಲಾಪುರದ ಶಾಲೆಗೆ ನಾನು ದಿನಾ ಹೋಗುವ ಜೀಪು ಒಂದು ಬೆಳಿಗ್ಗೆ ನಡುದಾರಿಯಲ್ಲಿ ನಿಂತುಬಿಟ್ಟಿತು. "ಸಪ್ಪಳ ಬ್ಯಾರೆ ಆಗ್ಯಾದ್ರಿ ಅಕ್ಕೋರ" ಎನ್ನುತ್ತ ಡ್ರೈವರ್ ಗಾಡಿಯ ಕೆಳಗೆ ನುಸುಳಿದ. ಪ್ರಾರ್ಥನೆಯ ಹೊತ್ತು ಮೀರುತ್ತಿತ್ತು, ನಾನು ಗೊಣಗಿದೆ. ಪಕ್ಕದಲ್ಲಿ ಕುಳಿತಿದ್ದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಅವರು ಮೆಲ್ಲಗೆ ಹೇಳಿದರು: "ನೋಡಲಿ ಬಿಡ್ರಿ. ನನ್ನ ಮಗ ಮುಂಬೈ ಕಡಿ ಸಮುದ್ರದಾಗ ಎಣ್ಣಿ ಬಾವಿ ಮ್ಯಾಲ ಕೆಲಸಾ ಮಾಡ್ತಾನ. ಹೆಲಿಕಾಪ್ಟರ್‌ದಾಗ ಹೋಗ್ತಾನ. ಅಲ್ಲಿ ನಿಂದರ್ಸಿ ನೋಡ್ಲಾಕ ಜಾಗಾ ಎಲ್ಲಿ ಅದ?"

ಆ ಮಾತು ನನ್ನನ್ನು ಹಳೆಯ ವರದಿಗಳನ್ನು ಹುಡುಕಿ ಓದುವಂತೆ ಮಾಡಿತು.

1986ರ ನವೆಂಬರ್ 6. ಬ್ರಿಟನ್ನಿನ ಉತ್ತರ ಸಮುದ್ರದ ಬ್ರೆಂಟ್ ತೈಲಕ್ಷೇತ್ರದಿಂದ ಕೆಲಸಗಾರರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ಶೆಟ್ಲೆಂಡ್ ದ್ವೀಪದ ಸಂಬರ್ಗ್ ವಿಮಾನ ನಿಲ್ದಾಣದ ಹತ್ತಿರವೇ ನೀರಿಗೆ ಬಿತ್ತು. ಒಳಗಿದ್ದ 47 ಜನರಲ್ಲಿ ಉಳಿದವರು ಇಬ್ಬರೇ. ಆ ಯಂತ್ರಕ್ಕೆ ಹಿಂದೊಂದು, ಮುಂದೊಂದು ರೆಕ್ಕೆಚಕ್ರ. ಎರಡೂ ಒಂದೇ ತಾಳದಲ್ಲಿ ತಿರುಗಬೇಕು. ಮುಂದಿನ ಗೇರ್‌ಪೆಟ್ಟಿಗೆಯ ಒಂದು ಹಲ್ಲುಚಕ್ರ ಬಿರುಕುಬಿಟ್ಟು ಮುರಿಯಿತು. ತಾಳ ತಪ್ಪಿ ರೆಕ್ಕೆಗಳು ಒಂದಕ್ಕೊಂದು ಬಡಿದವು. ಆ ಚಕ್ರವನ್ನು ಒಪ್ಪಿಕೊಂಡ ಪರೀಕ್ಷೆ ಸಾಲದಾಗಿತ್ತು, ನಂತರದ ತಪಾಸಣೆಯೂ ಬಿರುಕನ್ನು ಹಿಡಿಯಲಿಲ್ಲ ಎಂದು ತನಿಖೆ ಹೇಳಿತು.

ತಲೆಯ ಪಿನ್ನನ್ನು ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ, ಒಮ್ಮೆ ತಟ್ಟನೆ ಮುರಿಯುತ್ತದೆ. ಲೋಹಕ್ಕೂ ದಣಿವಿದೆ, ನಮ್ಮ ಹಾಗೆ ಅದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಮ್ಮ ನಾಡಿನ ಕಥೆಯೂ ಇದೆ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ ಹೆಲಿಕಾಪ್ಟರ್ 1992ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. 2023ರ ಮಾರ್ಚ್ 8ರಂದು ನೌಕಾಪಡೆಯ ಒಂದು ಧ್ರುವ ಮುಂಬೈ ಕಡಲ ಮೇಲೆ ದಿಢೀರನೆ ಎತ್ತರ ಕಳೆದುಕೊಂಡಿತು. ಪೈಲಟ್ ಅದನ್ನು ಜಾಣತನದಿಂದ ನೀರಿಗಿಳಿಸಿದ್ದರಿಂದ ಮೂವರೂ ಬದುಕಿದರು. ರೆಕ್ಕೆಗಳ ಓರೆಯನ್ನು ಬದಲಿಸಿ ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಸರಳುಗಳ ಮೇಲೆ ಅನುಮಾನ ಹೋಯಿತು. ಅಲ್ಯೂಮಿನಿಯಂ ತೆಗೆದು ಉಕ್ಕಿನ ಸರಳು ಹಾಕಿದರು. ಆದರೂ 2025ರ ಜನವರಿ 5ರಂದು ಪೋರಬಂದರ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಬಿದ್ದು ಮೂವರು ತೀರಿಕೊಂಡರು. ಈ ಸಲ ಮುರಿದದ್ದು ಅದೇ ರೆಕ್ಕೆಗಳನ್ನು ಆಳುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆ. ಆಗ ದೇಶದ ಸುಮಾರು 330 ಧ್ರುವಗಳನ್ನೂ ಹಾರದಂತೆ ನಿಲ್ಲಿಸಿದರು.

ಎಷ್ಟು ಕೆಲಸ ನಿಂತಿತೋ, ಎಷ್ಟು ಜನ ಗೊಣಗಿದರೋ! ಆದರೆ ಆಕಾಶದಲ್ಲಿ ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸುವುದಿದ್ದರೆ ನೆಲದ ಮೇಲೆಯೇ ನಿಲ್ಲಿಸಬೇಕು. ಮಗ ಫೋನು ಮಾಡುವವರೆಗೆ ಊಟ ಸೇರದ ತಾಯಂದಿರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಡ್ರೈವರ್ ಕೈಯೆಲ್ಲ ಗ್ರೀಸು ಮಾಡಿಕೊಂಡು ಹೊರಬಂದ. ಸ್ಪ್ರಿಂಗ್ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಾವು ಬೇರೆ ಗಾಡಿ ಹತ್ತಿದೆವು. ನಾನು ಶಾಲೆ ಮುಟ್ಟಿದಾಗ ಎರಡನೆಯ ಪಿರಿಯಡ್ಡು. ತಡವೇಕೆಂದು ಹುಡುಗಿಯರು ಕೇಳಿದಾಗ ಪಾಠದ ಪುಸ್ತಕ ಮುಚ್ಚಿಟ್ಟು, ತಲೆಯ ಪಿನ್ನೊಂದನ್ನು ತೆಗೆದು ಬಗ್ಗಿಸತೊಡಗಿದೆ.