ಬ್ರಿಗೇಡ್ ರೋಡಿನ ಸಂತ, ಬೆಳಗಾವಿಯ ಸವಿತಾ: ಚರ್ಚಿನ ಮಾತು ಸರ್ಕಾರದ ಕಾನೂನಾದಾಗ

📍 ಭಾಗ 1/7 | ಬ್ರಿಗೇಡ್ ರೋಡ್

ಬ್ರಿಗೇಡ್ ರೋಡಲ್ಲಿ ನೂರು ಸಲ ಓಡಾಡಿರ್ತೀರಿ. ಅದು ರೆಸಿಡೆನ್ಸಿ ರೋಡ್ ಸೇರೋ ಕಡೆ ಜೋಡಿ ಗೋಪುರದ ಒಂದು ಚರ್ಚ್ ಇದೆ, ಸೇಂಟ್ ಪ್ಯಾಟ್ರಿಕ್ಸ್. ಪ್ಯಾಟ್ರಿಕ್ ಯಾರು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಅವನು ಐರ್ಲೆಂಡಿನ ಪಾಲಕ ಸಂತ. ಐರ್ಲೆಂಡಿನ ಸಂತನಿಗೆ ಬೆಂಗಳೂರಲ್ಲೇನು ಕೆಲಸ?

ಉತ್ತರ ಸುಲಭ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ಬಂದು ನೆಲೆಸಿತು. ಅದಕ್ಕೇ ನಮ್ಮ ಅಜ್ಜಿಯಂದಿರು ಈಗ್ಲೂ ಈ ಭಾಗನ ‘ದಂಡು’ ಅಂತಾರೆ. ಆ ದಂಡಿನಲ್ಲಿ ಐರಿಷ್ ಸಿಪಾಯಿಗಳು ತುಂಬಾ ಜನ ಇದ್ರು, ಅವರಲ್ಲಿ ಬಹಳಷ್ಟು ಮಂದಿ ಕ್ಯಾಥೊಲಿಕರು. ಅವರ ಪೂಜೆಗೆ ಅಂತ 1840ರ ದಶಕದಲ್ಲಿ ಈ ಚರ್ಚ್ ಎದ್ದಿತು.

ಅಂದ್ರೆ ನಮ್ಮ ದಂಡು ಪ್ರದೇಶಕ್ಕೂ ಐರ್ಲೆಂಡಿಗೂ ಹಳೇ ನಂಟು. ಎರಡೂ ಕಡೆ ಅದೇ ಚರ್ಚ್, ಅದೇ ಬೋಧನೆ. ಆದರೆ ಅಲ್ಲಿ ಆ ಬೋಧನೆ ದೇಶದ ಕಾನೂನಾಯ್ತು, ಇಲ್ಲಿ ಆಗಲಿಲ್ಲ. ಈ ವ್ಯತ್ಯಾಸದ ಬೆಲೆ ಕೊನೆಗೆ ತೆತ್ತಿದ್ದು ಕನ್ನಡ ನಾಡಿನ ಒಬ್ಬ ಹೆಣ್ಣುಮಗಳು. ಈ ಸರಣಿ ಅದರ ಕಥೆ. ಏಳೂ ಭಾಗ ಓದಿ, ಅರ್ಧಕ್ಕೆ ಬಿಡ್ಬೇಡಿ 🙏

📍 ಭಾಗ 2/7 | 1930, ಒಂದೇ ವರ್ಷ ಎರಡು ಆದೇಶ

1930ರ ಜೂನ್ ತಿಂಗಳು. ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು: ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಬೇಕು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವು ಅಂತ ಗುರುತಿಸ್ತಾರೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು.

ಅದೇ ವರ್ಷದ ಕೊನೇ ದಿನ, ಡಿಸೆಂಬರ್ 31. ರೋಮ್‌ನಲ್ಲಿ ಪೋಪ್ 11ನೇ ಪಯಸ್ ಮದುವೆಯ ಬಗ್ಗೆ ಒಂದು ವಿಶ್ವಪತ್ರ ಹೊರಡಿಸಿದರು. ಸಂತಾನ ತಡೆಯೋ ಕೃತಕ ವಿಧಾನಗಳೆಲ್ಲ ಪಾಪ ಅನ್ನೋದು ಅದರ ತಾತ್ಪರ್ಯ.

ಇಲ್ಲೊಂದು ವಿಷಯ ಗಮನಿಸಿ. ಆಗ ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಎಲ್ಲ ಮಹಾರಾಜರ ಆಡಳಿತದಲ್ಲಿ ಇರಲಿಲ್ಲ. ಅದು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’, ಬ್ರಿಟಿಷ್ ರೆಸಿಡೆಂಟ್ ಕೈಯಲ್ಲಿದ್ದ ಜಾಗ. ಮೈಸೂರಿನ ಕೈಗೆ ವಾಪಸ್ ಬಂದಿದ್ದು 1947ರಲ್ಲಿ. ಕಬ್ಬನ್ ಪಾರ್ಕಿನ ಆ ಕಡೆ ಪೇಟೆ, ಈ ಕಡೆ ದಂಡು. ಒಂದೇ ಊರು, ಎರಡು ಸರ್ಕಾರ!

ಚರ್ಚು ಬೇಡ ಅಂದದ್ದನ್ನ ಮೈಸೂರು ಸರ್ಕಾರ ಮಾಡ್ತಾ ಇತ್ತು. ಚರ್ಚು ತನ್ನ ಭಕ್ತರಿಗೆ ತನ್ನ ಮಾತು ಹೇಳ್ತಾ ಇತ್ತು. ಇಬ್ಬರೂ ಅವರವರ ಜಾಗದಲ್ಲೇ ಇದ್ರು.

📍 ಭಾಗ 3/7 | ಐರ್ಲೆಂಡ್, ಬಿಷಪ್ಪರು ಮತ್ತು ಒಬ್ಬ ಮಂತ್ರಿ

ಐರ್ಲೆಂಡಿನಲ್ಲಿ ಆದದ್ದೇ ಬೇರೆ. ನೂರಾರು ವರ್ಷ ಬ್ರಿಟಿಷರ ಕೈಕೆಳಗೆ ನರಳಿದ ದೇಶ ಅದು. ಒಂದು ಕಾಲದಲ್ಲಿ ಕ್ಯಾಥೊಲಿಕರಿಗೆ ಓದು, ಜಮೀನು, ಮತ ಎಲ್ಲದಕ್ಕೂ ಅಡ್ಡಿಯಿತ್ತು. ಹಾಗಾಗಿ ಸ್ವಾತಂತ್ರ್ಯ ಬಂದಾಗ ‘ನಾವು ಐರಿಷ್’ ಅನ್ನೋದೂ ‘ನಾವು ಕ್ಯಾಥೊಲಿಕ್’ ಅನ್ನೋದೂ ಒಂದೇ ಅನ್ನೋ ಭಾವನೆ ಜನರಲ್ಲಿ ಬೇರೂರಿತ್ತು. ಇದನ್ನ ಮರೆತರೆ ಮುಂದಿನದು ಅರ್ಥ ಆಗಲ್ಲ.

1935ರಲ್ಲಿ ಅಲ್ಲಿ ಗರ್ಭನಿರೋಧಕಗಳ ಮಾರಾಟ, ಆಮದು ಎರಡನ್ನೂ ಕಾನೂನು ನಿಷೇಧಿಸಿತು. 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ‘ವಿಶೇಷ ಸ್ಥಾನ’ ಕೊಟ್ಟಿತು, ವಿಚ್ಛೇದನಕ್ಕೆ ಬಾಗಿಲು ಹಾಕಿತು. ಆ ಬಾಗಿಲು ತೆರೆಯೋಕೆ 1995ರ ಜನಮತಗಣನೆ ಬೇಕಾಯ್ತು, ಅದೂ ಕೂದಲೆಳೆ ಅಂತರದಲ್ಲಿ.

1951ರ ಘಟನೆ ಇನ್ನೂ ಸ್ಪಷ್ಟ. ಆರೋಗ್ಯ ಮಂತ್ರಿ ನೋಯಲ್ ಬ್ರೌನ್ ಒಂದು ಯೋಜನೆ ತಂದರು. ಎಲ್ಲ ತಾಯಂದಿರಿಗೆ, 16 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಉಚಿತ ಚಿಕಿತ್ಸೆ. ಯಾರಿಗೆ ಬೇಡ ಇದು? ಬಿಷಪ್ಪರಿಗೆ ಬೇಡವಾಯ್ತು. ಕುಟುಂಬದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು, ವೈದ್ಯರು ಸಂತಾನ ನಿಯಂತ್ರಣದ ಸಲಹೆ ಕೊಟ್ಟುಬಿಟ್ಟಾರು ಅಂತ ಅವರ ಭಯ. ಆದಾಯಕ್ಕೆ ಪೆಟ್ಟು ಬೀಳುತ್ತೆ ಅಂತ ವೈದ್ಯರ ಸಂಘವೂ ವಿರೋಧಿಸಿತು. ಪ್ರಧಾನಿ ಮಂತ್ರಿಯ ಬೆನ್ನಿಗೆ ನಿಲ್ಲಲಿಲ್ಲ. ಬ್ರೌನ್ ರಾಜೀನಾಮೆ ಕೊಟ್ಟರು, ಬಿಷಪ್ಪರ ಜೊತೆಗಿನ ಪತ್ರವ್ಯವಹಾರವನ್ನ ಪತ್ರಿಕೆಗಳಿಗೆ ಕೊಟ್ಟುಬಿಟ್ಟರು.

ಇಲ್ಲಿ ಬಿಷಪ್ಪರು ಎಲೆಕ್ಷನ್‌ಗೆ ನಿಂತಿರಲಿಲ್ಲ, ನಿಲ್ಲೋ ಅಗತ್ಯನೂ ಇರಲಿಲ್ಲ. ಓಟು ಹಾಕೋರು, ಓಟು ಕೇಳೋರು ಇಬ್ಬರೂ ಭಾನುವಾರ ಅವರ ಮುಂದೇ ಕೂರ್ತಿದ್ರಲ್ಲ.

📍 ಭಾಗ 4/7 | ರಾಮನಗರದ ಮಣಿಸರ

ಈಗ ಮತ್ತೆ ನಮ್ಮ ಕಡೆ ಬನ್ನಿ. ದಂಡಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ರಾಮನಗರ ಅಂದ್ರೆ ನಿಮಗೆ ರೇಷ್ಮೆಗೂಡು, ‘ಶೋಲೆ’ ಬಂಡೆ ನೆನಪಾಗುತ್ತೆ. ಜಾಗತಿಕ ರಾಜಕೀಯದ ಒಂದು ಪ್ರಯೋಗವೂ ಅಲ್ಲಿ ನಡೆದಿತ್ತು ಅಂತ ಗೊತ್ತಾ?

ಸ್ವತಂತ್ರ ಭಾರತ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಸಹಾಯ ಕೇಳಿತು. ಸಂಸ್ಥೆ ಒಪ್ಪಿದ್ದು ಒಂದೇ ವಿಧಾನಕ್ಕೆ: ತಿಂಗಳಲ್ಲಿ ಗರ್ಭ ನಿಲ್ಲೋ ದಿನಗಳನ್ನ ಲೆಕ್ಕ ಹಾಕಿ ಆ ದಿನ ದೂರ ಇರೋದು. ಯಾಕೆ ಇದೊಂದೇ? ಕ್ಯಾಥೊಲಿಕ್ ಚರ್ಚು ಒಪ್ಪೋ ವಿಧಾನ ಇದೊಂದೇ. 1951ರ ಅಕ್ಟೋಬರ್‌ನಲ್ಲಿ ಪೋಪ್ 12ನೇ ಪಯಸ್ ಇಟಲಿಯ ಸೂಲಗಿತ್ತಿಯರ ಸಭೆಯಲ್ಲಿ, ಗಂಭೀರ ಕಾರಣವಿದ್ದರೆ ಈ ವಿಧಾನ ಅನುಸರಿಸಬಹುದು ಅಂದಿದ್ದರು. 1952ರ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ನಾರ್ವೆ ದೇಶ ಕುಟುಂಬ ಯೋಜನೆಯ ಪ್ರಸ್ತಾಪ ತಂದಾಗ ಐರ್ಲೆಂಡ್, ಬೆಲ್ಜಿಯಂ, ಇಟಲಿ ಮುಂತಾದ ದೇಶಗಳು ಮುಗಿಬಿದ್ದವು. ಸಂಸ್ಥೆಯನ್ನೇ ಬಿಟ್ಟು ಹೋಗೋ ಮಾತೂ ಬಂತು. ಪ್ರಸ್ತಾಪ ಬಿದ್ದುಹೋಯ್ತು.

ಹಾಗಂತ ಎಲ್ಲ ಹೊಣೆ ಚರ್ಚಿನ ಮೇಲೆ ಹೊರಿಸೋದು ಸರಿಯಲ್ಲ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಕೃತಕ ವಿಧಾನ ಗಾಂಧೀಜಿಗೂ ಹಿಡಿಸ್ತಿರಲಿಲ್ಲ. ರೋಮ್‌ನ ಬೇಡವೂ ವಾರ್ಧಾದ ಬೇಡವೂ ಒಂದೇ ಕಡೆ ಸೇರಿದ್ವು.

ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಸಲಹೆಯಂತೆ ಎರಡು ಕಡೆ ಪ್ರಯೋಗ ನಡೀತು. ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ದಿನ ಎಣಿಸೋಕೆ ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ. ದಿನಕ್ಕೊಂದು ಮಣಿ ಸರಿಸಬೇಕು. ಪ್ರಯೋಗ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಮುಟ್ಟಿನ ದಿನಗಳು ಎಲ್ಲರಿಗೂ ಗಡಿಯಾರದ ಹಾಗೆ ಬರಲ್ಲ. ದೂರ ಇರೋಣ ಅಂತ ಹೆಂಡತಿ ಹೇಳಿದ್ರೆ ಗಂಡ ಕೇಳಬೇಕಲ್ಲ? ಸರ್ಕಾರ ಮುಂದೆ ಬೇರೆ ವಿಧಾನಗಳಿಗೆ ಹೊರಳಿತು.

ಮಣಿ ಸರಿಸಿದ ಹೆಂಗಸರಿಗೆ ರೋಮ್ ಎಲ್ಲಿದೆ, ನಾರ್ವೆ ಎಲ್ಲಿದೆ ಅಂತ ಯಾರೂ ಹೇಳಿರಲಿಕ್ಕಿಲ್ಲ.

📍 ಭಾಗ 5/7 | 1971 ಇಲ್ಲಿ, 1983 ಅಲ್ಲಿ

1971ರಲ್ಲಿ ಭಾರತದ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆ ಮಾಡಿತು. ಎಂಟಿಪಿ ಕಾಯ್ದೆ ಅಂತ ಕೇಳಿರ್ತೀರಲ್ಲ, ಅದೇ. 20 ವಾರದವರೆಗೆ, ಕಾಯ್ದೆ ಹೇಳಿದ ಕಾರಣಗಳಿಗೆ, ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ. ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇದ್ರೆ ವಾರದ ಲೆಕ್ಕವೂ ಇಲ್ಲ, ಒಬ್ಬ ವೈದ್ಯರ ತೀರ್ಮಾನ ಸಾಕು. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನ 24 ವಾರಕ್ಕೆ ಏರಿಸಿತು.

ಕ್ಯಾಥೊಲಿಕ್ ಚರ್ಚು ಇದನ್ನ ಒಪ್ಪಲಿಲ್ಲ, ಇವತ್ತಿಗೂ ಒಪ್ಪಲ್ಲ. ಆದರೆ ಬೆಂಗಳೂರಲ್ಲಿ ಅದರ ಪರಿಣಾಮ ಎಷ್ಟು? ಚರ್ಚಿನ ಸಂಸ್ಥೆಗಳಿಗೆ ಕಡಿಮೆಯೇನಿಲ್ಲ. ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 1963ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜ್ ಶುರು ಮಾಡಿದ್ದು ಇದೇ ಪೂರ್ವ ಭಾಗದ ಕುಕ್ ಟೌನ್‌ನಲ್ಲಿ. ಆಮೇಲೆ ಅದು ಕೋರಮಂಗಲಕ್ಕೆ ಹೋಯ್ತು. ಜಾತಿ ಧರ್ಮ ನೋಡದೆ ಲಕ್ಷಾಂತರ ಜನ ಇಂಥ ಆಸ್ಪತ್ರೆಗಳಲ್ಲಿ ಗುಣವಾಗಿದ್ದಾರೆ. ಚರ್ಚಿನ ಬೋಧನೆ ಅದರ ಸಂಸ್ಥೆಯ ಕಾಂಪೌಂಡಿನೊಳಗೆ ನಡೆಯುತ್ತೆ. ಕಾಂಪೌಂಡಿನ ಆಚೆ ದೇಶದ ಕಾನೂನು, ಪಕ್ಕದ ರಸ್ತೆಯಲ್ಲಿ ಬೇರೆ ಆಸ್ಪತ್ರೆ.

ಐರ್ಲೆಂಡಿನಲ್ಲಿ ದೇಶವೇ ಆ ಕಾಂಪೌಂಡು. 1983ರ ಸೆಪ್ಟೆಂಬರ್ 7ರ ಜನಮತಗಣನೆಯಲ್ಲಿ ಸುಮಾರು 67% ಜನ ಎಂಟನೇ ತಿದ್ದುಪಡಿಗೆ ಹೌದು ಅಂದ್ರು. ಹೊಟ್ಟೆಯಲ್ಲಿರೋ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಅಂತ ಸಂವಿಧಾನದಲ್ಲೇ ಬರೆದರು. ಅದಕ್ಕೆ ಹೋರಾಡಿದ್ದು ಹೆಚ್ಚಾಗಿ ಸಾಮಾನ್ಯ ಕ್ಯಾಥೊಲಿಕರ ಸಂಪ್ರದಾಯವಾದಿ ಸಂಘಟನೆಗಳು, ಬೆನ್ನಿಗೆ ನಿಂತಿದ್ದು ಚರ್ಚು. ದುಡ್ಡಿದ್ದ ಹೆಂಗಸರು ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋದರು. ತಾಯಿಯ ಜೀವಕ್ಕೆ ಅಪಾಯ ಇದ್ರೆ ಗರ್ಭಪಾತ ಮಾಡಬಹುದು ಅಂತ 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಎಷ್ಟು ಅಪಾಯ, ಯಾವ ಹಂತದಲ್ಲಿ ಅಂತ ವೈದ್ಯರಿಗೆ ತಿಳಿಸೋ ಕಾನೂನು ಮಾಡೋಕೆ 20 ವರ್ಷ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ.

📍 ಭಾಗ 6/7 | ಸವಿತಾ

ಸವಿತಾ ಹಾಲಪ್ಪನವರ್. ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಆಸ್ಪತ್ರೆಗೆ ಹೋದಾಗ 17 ವಾರದ ಬಸುರಿ. ಗರ್ಭ ಉಳಿಯಲ್ಲ ಅನ್ನೋದು ವೈದ್ಯರಿಗೆ ಖಚಿತವಾಗಿತ್ತು. ಹೇಗೂ ಉಳಿಯಲ್ಲ, ತೆಗೆದುಬಿಡಿ ಅಂತ ಆಕೆ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡಲ್ಲ ಅನ್ನೋ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತೂ ಬಂತು. ಹಾಗೆ ಹೇಳಿದ್ದು ನಿಜ ಅಂತ ಅಲ್ಲಿನ ಸೂಲಗಿತ್ತಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸೋಕೆ ಹೇಳಿದ್ದಲ್ಲ, ಪರಿಸ್ಥಿತಿ ವಿವರಿಸೋಕೆ ಹೇಳಿದ್ದು ಅಂದರು.

ಕಾಯುತ್ತಾ ಕಾಯುತ್ತಾ ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಪೂರ್ತಿ ಸತ್ಯ ಹೇಳ್ಬೇಕು ಅಂದ್ರೆ, ಕಾನೂನೊಂದೇ ಕಾರಣ ಅಂತ ತನಿಖೆ ಹೇಳಲಿಲ್ಲ. ಸೋಂಕನ್ನ ಬೇಗ ಗುರುತಿಸಲಿಲ್ಲ, ನಿಗಾ ಸರಿಯಿರಲಿಲ್ಲ ಅಂತಲೂ 2013ರ ವರದಿ ಹೇಳಿತು. ಜೊತೆಗೆ, ವೈದ್ಯರು ಕಾನೂನಿನ ಕಡೆ ನೋಡಿ ಕೈಕಟ್ಟಿ ಕೂತದ್ದನ್ನೂ ಎತ್ತಿ ತೋರಿಸಿತು.

ಆ ಕಾನೂನನ್ನ ಬರೆದವರು ಸವಿತಾ ಹೆಸರು ಕೇಳಿದವರಲ್ಲ. ಆಕೆ ಕ್ಯಾಥೊಲಿಕ್ ಅಲ್ಲ, ಐರಿಷ್ ಅಲ್ಲ, ಆ ಜನಮತಗಣನೆ ನಡೆದಾಗ ಎರಡು ವರ್ಷದ ಮಗು. ಆದ್ರೂ ಆ ನಂಬಿಕೆ ಆಕೆಯ ಮೈಮೇಲೆ ಜಾರಿಯಾಯ್ತು. ಕಾನೂನು ಅಂದ್ರೆ ಹಾಗೇನೇ. ನೀವು ನಂಬ್ತೀರಾ ಅಂತ ಕೇಳಲ್ಲ.

2018ರ ಮೇ 25ರಂದು ಐರಿಷ್ ಜನ ಮತ್ತೆ ಓಟು ಹಾಕಿದರು. ಹೌದು ಅನ್ನಿ ಅಂತ ಬೆಳಗಾವಿಯಿಂದ ಸವಿತಾ ತಂದೆ ಮನವಿ ಮಾಡಿದ್ದರು. 66.4% ಜನ ಎಂಟನೇ ತಿದ್ದುಪಡಿ ಕಿತ್ತುಹಾಕಿದರು. ಅವರಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗೋರೂ ಇದ್ರು. ನಂಬಿಕೆ ಬಿಡದೇನೇ ಕಾನೂನು ಬದಲಾಯಿಸಬಹುದು ಅಂತ ತೋರಿಸಿದವರು ಅವರು. ಡಬ್ಲಿನ್ ನಗರದ ಗೋಡೆಯೊಂದರ ಮೇಲೆ ಸವಿತಾ ಚಿತ್ರ ಬರೆದಿದ್ರು. ಕ್ಷಮೆ ಕೇಳಿ ಜನ ಬರೆದ ಚೀಟಿಗಳಿಂದ ಆ ಗೋಡೆ ತುಂಬಿಹೋಗಿತ್ತು.

📍 ಭಾಗ 7/7 | ಮತ್ತೆ ದಂಡು

‘ನೋಡಿದ್ರಾ, ಚರ್ಚು ಹೀಗೆ’ ಅಂತ ಯಾರಾದ್ರೂ ಕಾಮೆಂಟ್ ಹಾಕೋ ಮೊದಲು ಇದನ್ನ ಓದಿ.

2021ರ ಡಿಸೆಂಬರ್ 23ರಂದು ಕರ್ನಾಟಕ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸ್ ಮಾಡಿತು, 2022ರಲ್ಲಿ ಅದು ಕಾಯ್ದೆಯಾಯ್ತು. ಧರ್ಮ ಬದಲಾಯಿಸೋರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ಆಗ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಬಹಿರಂಗವಾಗಿ ವಿರೋಧಿಸಿದರು. ನನ್ನ ಮನಸ್ಸಿನ ವಿಷಯಕ್ಕೆ ಸರ್ಕಾರದ ಅಪ್ಪಣೆ ಯಾಕೆ ಬೇಕು ಅನ್ನೋದು ವಿರೋಧಿಸಿದವರ ಪ್ರಶ್ನೆ. ಆ ಕಾಯ್ದೆ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ತೀರ್ಮಾನಿಸಿತು.

ಇಲ್ಲಿ ಚರ್ಚಿನ ಬಲ ಎಷ್ಟು ಅಂತ ತಿಳಿಯೋಕೆ ಇನ್ನೊಂದು ಉದಾಹರಣೆ. 2025ರ ಸೆಪ್ಟೆಂಬರ್ 8, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಹಬ್ಬ. ಮೆಟ್ರೋ ಸ್ಟೇಷನ್‌ಗೆ ಸೇಂಟ್ ಮೇರಿ ಹೆಸರಿಡೋಕೆ ಕೇಂದ್ರಕ್ಕೆ ಶಿಫಾರಸು ಮಾಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂದರು. ಇದು ಶಿವಾಜಿಗೆ ಅವಮಾನ ಅಂತ ಮಹಾರಾಷ್ಟ್ರದ ಮುಖ್ಯಮಂತ್ರಿ ಆಕ್ಷೇಪಿಸಿದರು. ಐರ್ಲೆಂಡಿನಲ್ಲಿ ಮಂತ್ರಿಯನ್ನೇ ಇಳಿಸಿದ ಚರ್ಚು ಇಲ್ಲಿ ಒಂದು ಸ್ಟೇಷನ್ ಬೋರ್ಡಿಗೂ ಇಷ್ಟು ಮಾತು ಕೇಳಬೇಕು.

ಗಾಲ್ವೇಯಲ್ಲಿ ಸವಿತಾ ಕೇಳಿದ್ದೂ ಬೆಂಗಳೂರಲ್ಲಿ ಕ್ಯಾಥೊಲಿಕರು ಕೇಳ್ತಿರೋದೂ ನನಗೆ ಒಂದೇ ಪ್ರಶ್ನೆಯಾಗಿ ಕಾಣುತ್ತೆ: ಇನ್ನೊಬ್ಬರ ನಂಬಿಕೆಯನ್ನ ಸರ್ಕಾರ ನನ್ನ ಮೇಲೆ ಯಾಕೆ ಹೇರಬೇಕು? ಬಹುಮತ ಇದ್ದಲ್ಲಿ ಈ ಪ್ರಶ್ನೆ ಮರೆತುಹೋಗುತ್ತೆ, ಅಲ್ಪಸಂಖ್ಯಾತರಾದಾಗ ನೆನಪಾಗುತ್ತೆ. ಇದು ಯಾವ ಧರ್ಮಕ್ಕಾದರೂ ಅನ್ವಯ. ನಮ್ಮ ಮನೆ ಧರ್ಮಕ್ಕೂ.

ನಮ್ಮ ಸಂವಿಧಾನದ 25ನೇ ವಿಧಿ ತೆಗೆದು ಓದಿ. ಧರ್ಮಕ್ಕಿಂತ ಮೊದಲು ಅಲ್ಲಿ ಬರೋ ಪದ ಆತ್ಮಸಾಕ್ಷಿ. ಆ ಸ್ವಾತಂತ್ರ್ಯಕ್ಕೆ ಹಾಕಿರೋ ಮಿತಿಗಳಲ್ಲಿ ಈ ಮೂರು ಮಾತಿವೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಮೂರನೇ ಪದ ಅಲ್ಲಿ ಯಾಕಿದೆ ಅಂತ ಯಾರಾದ್ರೂ ಕೇಳಿದ್ರೆ ಸವಿತಾ ಕಥೆ ಹೇಳಿ.

ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೂ ಕಳಿಸಿ. ಒಪ್ಪದೇ ಇದ್ರೆ ಕಾಮೆಂಟಲ್ಲಿ ಜಗಳ ಆಡೋಣ, ಮರ್ಯಾದೆಯಿಂದ 😊

#ದಂಡಿನಕಥೆ #ಬೆಂಗಳೂರುಇತಿಹಾಸ #ಶಿವಾಜಿನಗರ #ಹಲಸೂರು #ಸವಿತಾ #ಸಂವಿಧಾನ