ಮೊಂತಿ ಹಬ್ಬ: ಮಕ್ಕಳ ಪುಷ್ಪಾರ್ಚನೆ ಮತ್ತು ಹೊಸ ತೆನೆಯ ಚರಿತ್ರೆ

ಮೊಂತಿ ಹಬ್ಬವು ಕರಾವಳಿ ಕರ್ನಾಟಕದ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಕನ್ಯಾ ಮರಿಯಮ್ಮನವರ ಜನ್ಮದಿನ. ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಎಂದೂ ಕನ್ನಡದಲ್ಲಿ ತೆನೆಹಬ್ಬವೆಂದೂ ಕರೆಯುವ ಈ ದಿನ ಚರ್ಚಿನ ಆವರಣದಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ, ಮನೆಯಲ್ಲಿ ಹೊಸ ಅಕ್ಕಿ ಊಟ ನಡೆಯುತ್ತದೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ, ಅಂದರೆ ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ, ಮಕ್ಕಳು ದಿನವೂ ಚರ್ಚಿಗೆ ಹೂ ತಂದು ಬಾಲಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಧರ್ಮಸಭೆಯ ಪಂಚಾಂಗದ ಹಬ್ಬ, ಬೇಸಾಯಗಾರರ ಹೊಸತಿನ ಆಚರಣೆ ಮತ್ತು ಶಿಶುರೂಪದ ಮರಿಯಮ್ಮನ ಭಕ್ತಿ ಎಂಬ ಮೂರು ಧಾರೆಗಳು ಇದರಲ್ಲಿ ಕೂಡಿವೆ. ಮೂರಕ್ಕೂ ಹುಟ್ಟಿದ ಕಾಲ ಬೇರೆ, ಊರು ಬೇರೆ. ಅವುಗಳನ್ನು ಒಂದೇ ಹಬ್ಬವಾಗಿ ಕಟ್ಟಿದ್ದು ಮಕ್ಕಳಿಗೆ ಸಿಕ್ಕ ಸ್ಥಾನ.

ಜನ್ಮದಿನದ ಆಚರಣೆಯ ಮೂಲ

ಮರಿಯಮ್ಮನವರ ಜನನದ ವೃತ್ತಾಂತ ಬೈಬಲ್ಲಿನ ಸುವಾರ್ತೆಗಳಲ್ಲಿಲ್ಲ. ತಂದೆ ಜೋಕಿಂ, ತಾಯಿ ಅನ್ನಮ್ಮ ಎಂಬ ಹೆಸರುಗಳೂ, ಮುಪ್ಪಿನಲ್ಲಿ ಅವರಿಗೆ ಮಗಳು ಹುಟ್ಟಿದ ಕಥೆಯೂ 2ನೇ ಶತಮಾನದ ಯಾಕೋಬನ ಆದಿಸುವಾರ್ತೆ ಎಂಬ ಗ್ರಂಥದಿಂದ ಬಂದವು. ಈ ಗ್ರಂಥ ಬೈಬಲ್ಲಿಗೆ ಸೇರದಿದ್ದರೂ ಅದರ ಕಥೆ ಜನಮನದಲ್ಲಿ ನಿಂತಿತು. ಹಬ್ಬವು ಜೆರುಸಲೇಮಿನ ಬೆತ್ಸಥಾ ಕೊಳದ ಬಳಿಯ ಚರ್ಚಿನಲ್ಲಿ, ಮರಿಯಮ್ಮ ಹುಟ್ಟಿದರೆಂದು ನಂಬಲಾದ ಜಾಗದಲ್ಲಿ, ಮೊದಲಾಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 6ನೇ ಶತಮಾನದಲ್ಲಿ ಗ್ರೀಕ್ ಕವಿ ರೊಮಾನೋಸ್ ಈ ಜನನದ ಮೇಲೆ ಸ್ತೋತ್ರ ರಚಿಸಿದ್ದಾನೆ. 7ನೇ ಶತಮಾನದಲ್ಲಿ ಹಬ್ಬ ರೋಮಿಗೆ ಬಂದಿತು. ಸಿರಿಯಾ ಮೂಲದ ಕುಟುಂಬದಲ್ಲಿ ಹುಟ್ಟಿದ ಪೋಪ್ ಒಂದನೇ ಸೆರ್ಜಿಯಸ್ (687–701) ಆ ದಿನ ರೋಮಿನಲ್ಲಿ ಮೆರವಣಿಗೆ ನಡೆಯಬೇಕೆಂದು ಗೊತ್ತುಮಾಡಿದರು. ಕಥೋಲಿಕ ಪಂಚಾಂಗದಲ್ಲಿ ಸಂತರನ್ನು ನೆನೆಯುವುದು ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಯೇಸುವನ್ನು ಬಿಟ್ಟರೆ ಜನನದ ದಿನವೇ ಹಬ್ಬವಾಗಿರುವುದು ಸ್ನಾನಿಕ ಯೋವಾನ್ನರಿಗೂ ಮರಿಯಮ್ಮನವರಿಗೂ ಮಾತ್ರ. ಈ ಹಬ್ಬದ ನಾಯಕಿ ಕೂಸಾಗಿರುವುದರಿಂದ, ಮುಂದೆ ಅದು ಮಕ್ಕಳ ಹಬ್ಬವಾಗಿ ಬೆಳೆಯುವುದಕ್ಕೆ ಆಸ್ಪದ ಇಲ್ಲಿಯೇ ಇತ್ತು.

ಗೋವೆಯ ಹೊಸತು

ಎರಡನೆಯ ಧಾರೆ ಗೋವೆಯದು. ಅಲ್ಲಿನ ಗಾಂವ್ಕಾರಿ ಗ್ರಾಮಗಳಲ್ಲಿ ಮೊದಲ ತೆನೆ ಕೊಯ್ಯುವುದು ಊರಿನ ಮೂಲ ಮನೆತನಗಳಾದ ಗಾಂವ್ಕಾರರ ಹಕ್ಕಾಗಿತ್ತು. ಜನ ಕ್ರೈಸ್ತರಾದ ಮೇಲೂ ಈ ಕ್ರಮ ಬಿಟ್ಟುಹೋಗಲಿಲ್ಲ. ಪೂಜೆಯ ಜಾಗದಲ್ಲಿ ಧರ್ಮಗುರುವಿನ ಆಶೀರ್ವಾದ ಬಂದಿತು. ಕೊಣ್ಶಾಂಚೆಂ ಫೆಸ್ತ್ ಎನ್ನುವ ಈ ತೆನೆಹಬ್ಬ ರಾಯ್ ಗ್ರಾಮದಲ್ಲಿ ಆಗಸ್ಟ್ 5ರಂದು, ತಾಳೆಗಾಂವಿನಲ್ಲಿ ಆಗಸ್ಟ್ 21ರಂದು ನಡೆಯುತ್ತದೆ. ಊರಿಂದೂರಿಗೆ ದಿನ ಬೇರೆ. ಅಲ್ಲಿ ಮುಂದಾಳುಗಳು ಗಾಂವ್ಕಾರರು, ಮಕ್ಕಳಲ್ಲ.

16ರಿಂದ 18ನೇ ಶತಮಾನದವರೆಗೆ ಗೋವೆಯ ಕಥೋಲಿಕರು ತಂಡತಂಡವಾಗಿ ಕೆನರಾಕ್ಕೆ, ಅಂದರೆ ಇಂದಿನ ಕರಾವಳಿ ಕರ್ನಾಟಕಕ್ಕೆ, ವಲಸೆ ಬಂದರು. 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯವಾದ ಇನ್‌ಕ್ವಿಸಿಷನ್, ಬಿಜಾಪುರದ ಆದಿಲಶಾಹಿಗಳ ಯುದ್ಧ, ಮರಾಠರ ದಾಳಿ ಇದಕ್ಕೆ ಮುಖ್ಯ ಕಾರಣಗಳು. ಬೇಸಾಯ ಬಲ್ಲ ಇವರಿಗೆ ಕೆಳದಿ ಅರಸರ ಸೀಮೆಯಲ್ಲಿ ಭೂಮಿ ಸಿಕ್ಕಿತು. ಅವರು ನೆಲೆನಿಂತ ತುಳುನಾಡಿನಲ್ಲಿ ಹೊಸ ತೆನೆಯನ್ನು ಮನೆಗೆ ತಂದು ಕಟ್ಟುವ ಕುರಲ್ ಪರ್ಬ, ಹೊಸ ಅಕ್ಕಿ ಉಣ್ಣುವ ಪುದ್ದಾರ್ ಮೊದಲೇ ಇದ್ದವು. ಹೀಗಾಗಿ ವಲಸೆಗಾರರ ತೆನೆ ಆಚರಣೆಗೆ ನೆರೆಹೊರೆಯಲ್ಲಿಯೇ ಜೋಡಿ ಸಿಕ್ಕಿತು. ಮಳೆಗಾಲದ ಏಣೆಲು ಬೆಳೆ ತೆನೆ ತುಂಬುವ ಹೊತ್ತಿಗೆ ಮರಿಯಮ್ಮನವರ ಜನ್ಮದಿನವೂ ಬರುತ್ತಿತ್ತು.

ಫರಂಗಿಪೇಟೆಯ ಬೆಟ್ಟ

ಎರಡು ಧಾರೆಗಳು ಒಂದು ತೇದಿಗೆ ಕಟ್ಟುಬಿದ್ದದ್ದು ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಎಂದು ಸಮುದಾಯದ ಪರಂಪರೆ ಹೇಳುತ್ತದೆ. ಅಲ್ಲಿನ ದಿಬ್ಬದ ಮೇಲಿನ ಮೊಂತೆ ಮರಿಯಾನೊ ಚರ್ಚಿನಿಂದಲೇ ಹಬ್ಬಕ್ಕೆ ಹೆಸರು ಬಂದಿದೆ ಎನ್ನುತ್ತಾರೆ. ಗೋವೆಯ ಧರ್ಮಗುರು ಜೋಕಿಂ ಮಿರಾಂದಾ ಅವರು 1763ರಲ್ಲಿ ಇದನ್ನು ಆರಂಭಿಸಿದರೆಂದು ನಂಬಲಾಗಿದೆ. ಹೈದರ್ ಅಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದು, ಕೆನರಾ ಮೈಸೂರಿನ ಕೈಗೆ ಹೋದದ್ದೂ ಅದೇ ವರ್ಷ. ಮಿರಾಂದಾ ಅವರಿಗೆ ಹೈದರನ ಸ್ನೇಹವಿತ್ತು, ಆ ಕಾರಣಕ್ಕೆ ಅವನ ಮಗ ಟಿಪ್ಪುವಿನ ಕಾಲದಲ್ಲಿ ಈ ಚರ್ಚು ಉಳಿಯಿತು ಎಂಬ ಮಾತು ಇಂದಿಗೂ ಪ್ರಚಲಿತ.

1784ರಲ್ಲಿ ಟಿಪ್ಪು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಮಡಿದ ಬಳಿಕ ಬದುಕುಳಿದವರು ಹಿಂದಿರುಗಿ, ಚರ್ಚುಗಳನ್ನೂ ಗದ್ದೆಗಳನ್ನೂ ಮತ್ತೆ ಎಬ್ಬಿಸಿದರು. ಹದಿನೈದು ವರ್ಷಗಳ ಈ ಕಡಿತವನ್ನು ದಾಟಿಯೂ ತೆನೆಯ ಹಬ್ಬ ಉಳಿದುಬಂದಿತು.

ಬಾಲಮರಿಯಮ್ಮ

ಮೂರನೆಯ ಧಾರೆ ಶಿಶುರೂಪದ ಮೂರ್ತಿಯದು. ಇಟಲಿಯ ಮಿಲಾನ್ ನಗರದ ಮುಖ್ಯ ಚರ್ಚು ಮರಿಯಮ್ಮನವರ ಜನನಕ್ಕೇ ಸಮರ್ಪಿತವಾದದ್ದು. 1735ರ ಸುಮಾರಿಗೆ ತೋದಿ ಪಟ್ಟಣದ ಸನ್ಯಾಸಿನಿ ಕಿಯಾರಾ ಇಸಾಬೆಲ್ಲಾ ಫೊರ್ನಾರಿ ಅವರು ಬಟ್ಟೆ ಸುತ್ತಿದ ಹಸುಗೂಸಿನ ರೂಪದಲ್ಲಿ ಮರಿಯಮ್ಮನ ಮೇಣದ ಮೂರ್ತಿ ಮಾಡಿದರು. ಆ ಮೂರ್ತಿ ಮಿಲಾನಿಗೆ ಬಂದು ಮರಿಯಾ ಬಾಂಬಿನಾ (ಶಿಶು ಮರಿಯಮ್ಮ) ಎಂದು ಹೆಸರಾಯಿತು. 1832ರಲ್ಲಿ ಲೊವೆರೆಯಲ್ಲಿ ಬಾರ್ತೊಲೊಮೆಯಾ ಕಪಿತಾನಿಯೊ ಮತ್ತು ವಿಂಚೆಂಜಾ ಜೆರೊಸಾ ಸ್ಥಾಪಿಸಿದ ಸೇವಾ ಸಂಸ್ಥೆಯ ಸಿಸ್ಟರುಗಳ ಪಾಲಿಗೆ ಮುಂದೆ ಅದು ಸೇರಿದ್ದರಿಂದ, ಜನ ಅವರನ್ನು ಬಾಂಬಿನಾ ಸಿಸ್ಟರುಗಳೆಂದೇ ಕರೆದರು. ಈ ಸಂಸ್ಥೆ 1860ರಲ್ಲಿ ಬಂಗಾಳಕ್ಕೆ, ಆಮೇಲೆ ಮಂಗಳೂರಿಗೂ ಬಂದಿತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಗುರುಗಳಲ್ಲಿಯೂ ಇಟಲಿಯವರೇ ಹೆಚ್ಚು. ಶಿಶುರೂಪದ ಭಕ್ತಿ ಕರಾವಳಿಗೆ ಬಂದದ್ದು ಈ ಇಟಲಿಯ ನಂಟಿನಿಂದ ಇರಬಹುದು. ಇಲ್ಲಿನ ಪುಷ್ಪಾರ್ಚನೆಯಲ್ಲಿ ಹೂ ಸಲ್ಲುವುದು ವಯಸ್ಕ ಮಾತೆಗಲ್ಲ, ಈ ಬಾಲೆಗೆ.

ಒಂಬತ್ತು ದಿನ ಮತ್ತು ಹಬ್ಬದ ದಿನ

ನೊವೆನಾದ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯ, ದಿನಗಳಲ್ಲಿ ಮಕ್ಕಳು ಬೆಳಗ್ಗೆ ಎದ್ದು ಅಂಗಳ, ಬೇಲಿ, ತೋಟದ ಬದಿಗಳಲ್ಲಿ ಹೂ ಕೊಯ್ಯುತ್ತಾರೆ. ಮಳೆಗಾಲದ ಕೊನೆಯಲ್ಲಿ ಅರಳುವ ದಾಸವಾಳ, ಕರ್ಣಕುಂಡಲ, ಜೀನಿಯಾ, ಡೇಲಿಯಾ ಬುಟ್ಟಿ ಸೇರುತ್ತವೆ. ಹೂ ಸಾಲದಿದ್ದರೆ ಬಣ್ಣದ ಎಲೆಯೂ ನಡೆಯುತ್ತದೆ. ಬಲಿಪೂಜೆ ಮುಗಿದ ಮೇಲೆ ಮಕ್ಕಳು ಸಾಲಾಗಿ ಬರುತ್ತಾರೆ. ಜನರೆಲ್ಲ ಕೊಂಕಣಿಯಲ್ಲಿ ಮರಿಯಮ್ಮನ ಗೀತೆ ಹಾಡುತ್ತಿರುವಾಗ ಒಬ್ಬೊಬ್ಬರೂ ಹಿಡಿ ತುಂಬ ಎಸಳುಗಳನ್ನು ಮೂರ್ತಿಯ ಮೇಲೆ ಸುರಿಯುತ್ತಾರೆ. ಬಳಿಕ ಅವರಿಗೆ ಸಿಹಿತಿಂಡಿ ಹಂಚುವುದು ವಾಡಿಕೆ.

ಸೆಪ್ಟೆಂಬರ್ 8ರಂದು ತೆನೆಗೆ ಚರ್ಚಿನ ಹೊರಗೆ, ಸಾಮಾನ್ಯವಾಗಿ ಶಿಲುಬೆಯ ಅಥವಾ ಗ್ರೊಟ್ಟೊದ (ಮರಿಯಮ್ಮನ ಗುಹೆಯ) ಬಳಿ, ಆಶೀರ್ವಾದವಾಗುತ್ತದೆ. ಬಾಲಮರಿಯಮ್ಮನ ಮೂರ್ತಿಯನ್ನೂ ತೆನೆಯ ಕಟ್ಟುಗಳನ್ನೂ ಮೆರವಣಿಗೆಯಲ್ಲಿ ಒಳಗೆ ತರುವಾಗ ಹೂ ಎರಚುತ್ತ ಮುಂದೆ ನಡೆಯುವವರು ಮಕ್ಕಳೇ. ಪೂಜೆಯ ನಂತರ ಮನೆಯ ತಲೆ ಎಣಿಕೆಗೆ ಸರಿಯಾಗಿ ತೆನೆ ಹಂಚುತ್ತಾರೆ; ಹೂ ತಂದ ಮಕ್ಕಳಿಗೆ ಕಬ್ಬಿನ ತುಂಡು ಸಲ್ಲುತ್ತದೆ.

ಯುರೋಪಿನಲ್ಲಿ ಮಕ್ಕಳ ಹಬ್ಬವಾಗಿ ಬೆಳೆದ ಸಂತ ನಿಕೋಲಾಸರ ದಿನದಲ್ಲಿ (ಡಿಸೆಂಬರ್ 6) ಮಕ್ಕಳು ಉಡುಗೊರೆಗೆ ಕಾಯುವವರು. ಮೊಂತಿ ಹಬ್ಬದಲ್ಲಿ ಅವರು ಮೊದಲು ಕೊಡುತ್ತಾರೆ, ಆಮೇಲೆ ಪಡೆಯುತ್ತಾರೆ. ಮಗುವೊಂದು ತಾನೇ ಕೊಯ್ದು ತರಬಹುದಾದ ಹೂವೇ ಅರ್ಪಣೆಯಾದ್ದರಿಂದ ಗದ್ದೆ ಇಲ್ಲದ ಮನೆಯ ಮಗುವಿಗೂ ಇಲ್ಲಿ ಪಾಲು ಇದೆ. ಗೋವೆಯಲ್ಲಿ ಮನೆತನದ ಹಕ್ಕಾಗಿದ್ದ ತೆನೆಯ ಆಚರಣೆ ಕರಾವಳಿಯಲ್ಲಿ ಇಡೀ ಧರ್ಮಕೇಂದ್ರದ್ದಾಗಿರುವುದು ಇದರ ಇನ್ನೊಂದು ಮುಖ.

ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದೆ ಇಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಅಥವಾ ಪಾಯಸದಲ್ಲಿ ಬೆರೆಸುತ್ತಾರೆ. ಇದೇ ನೊವೆಂ. ಮನೆಯ ಹಿರಿಯರು ಅದನ್ನು ಎಲ್ಲರಿಗೂ ಹಂಚಿದ ಮೇಲೆ ಬಾಳೆಲೆಯ ಊಟ. ಅಂದು ಮೀನು ಮಾಂಸವಿಲ್ಲ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು: ಮೂರು, ಐದು, ಏಳು ಅಥವಾ ಒಂಬತ್ತು. ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಅಲಸಂದೆ, ಹಾಗಲ, ಕಣಿಲೆ ಎಲ್ಲವೂ ಆ ಹೊತ್ತಿಗೆ ಹಿತ್ತಿಲಲ್ಲಿ, ಗುಡ್ಡದಲ್ಲಿ ಸಿಗುವಂಥವು. ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ವೊರ್ನ್.

ಹರವು ಮತ್ತು ಬದಲಾವಣೆ

ಹಬ್ಬದ ನೆಲೆ ಮಂಗಳೂರು ಧರ್ಮಪ್ರಾಂತ್ಯ, 2012ರಲ್ಲಿ ಅದರಿಂದ ಬೇರೆಯಾದ ಉಡುಪಿ ಧರ್ಮಪ್ರಾಂತ್ಯ ಮತ್ತು ಮಂಗಳೂರಿಗೇ ಸೇರಿದ ಕಾಸರಗೋಡಿನ ಧರ್ಮಕೇಂದ್ರಗಳು. ಬಯಲುಸೀಮೆಯಲ್ಲಿ ಇದೇ ದಿನ ಬೇರೆ ರೂಪ ತಾಳುತ್ತದೆ. ಉದಾಹರಣೆಗೆ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಯವು. ಈ ಭಾಗದ ಕಥೋಲಿಕರಿಗೆ ಸೆಪ್ಟೆಂಬರ್ 8 ಎಂದರೆ ಮೊದಲು ನೆನಪಾಗುವುದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ತೇರು ಮತ್ತು ವೇಳಾಂಕಣ್ಣಿಯ ಆರೋಗ್ಯಮಾತೆಯ ಯಾತ್ರೆ. ಇಲ್ಲಿನ ಮುಖ್ಯ ಬೆಳೆ ರಾಗಿ ಕೊಯ್ಲಿಗೆ ಬರುವುದು ನವೆಂಬರ್ ಹೊತ್ತಿಗೆ. ಸುಗ್ಗಿಯ ಸಡಗರ ಸಂಕ್ರಾಂತಿಯದು. ಬೆಳೆಯ ಕಾಲ ಹಬ್ಬದ ತೇದಿಗೆ ಕೂಡಿಬರದ ಕಡೆ ಮರಿಯಮ್ಮನವರ ಜನ್ಮದಿನ ಹರಕೆಯ, ಯಾತ್ರೆಯ ಹಬ್ಬವಾಗಿ ನಿಂತಿದೆ.

ಬೆಂಗಳೂರು, ಮುಂಬೈ ಮತ್ತು ಕೊಲ್ಲಿ ದೇಶಗಳಿಗೆ ಹೋದ ಕರಾವಳಿ ಕುಟುಂಬಗಳು ಮೊಂತಿ ಹಬ್ಬವನ್ನು ಜೊತೆಗೆ ಒಯ್ದಿವೆ. ಊರಿನಿಂದ ತೆನೆ ತರಿಸುವುದು ಅಥವಾ ಆಶೀರ್ವದಿಸಿದ ಕಾಳನ್ನು ಅಂಚೆಯಲ್ಲಿ ಕಳಿಸುವುದು ರೂಢಿ. ಪಟ್ಟಣದ ಮಕ್ಕಳ ಬುಟ್ಟಿಗೆ ಮಾರುಕಟ್ಟೆಯ ಹೂ ಬರುತ್ತದೆ. ಕರಾವಳಿಯಲ್ಲಿಯೂ ಗದ್ದೆಗಳು ಅಡಿಕೆ ತೋಟ, ಕಟ್ಟಡಗಳಾಗಿ ಮಾರ್ಪಟ್ಟ ಮೇಲೆ ತೆನೆಯನ್ನು ಉಳಿದ ಕೆಲವೇ ಬೇಸಾಯಗಾರರಿಂದ ತರಬೇಕಾಗಿದೆ. ಭಾರತದ ಕಥೋಲಿಕ ಧರ್ಮಸಭೆ ಈ ದಿನವನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುವುದರಿಂದ, ಕೂಸಿನ ಜನನವನ್ನು ಸಂಭ್ರಮಿಸುವ ಹಬ್ಬಕ್ಕೆ ಈ ಕಾಲದ ಸಾಮಾಜಿಕ ಅರ್ಥವೊಂದು ಸೇರಿಕೊಂಡಿದೆ. ಬೇಸಾಯದ ನಂಟು ಸಡಿಲವಾದ ಊರುಗಳಲ್ಲಿಯೂ ಒಂಬತ್ತು ದಿನದ ಪುಷ್ಪಾರ್ಚನೆ ನಿಂತಿಲ್ಲ. ಹಬ್ಬದ ಮುಂದುವರಿಕೆ ಈಗ ಗದ್ದೆಗಿಂತ ಹೆಚ್ಚಾಗಿ ಮಕ್ಕಳನ್ನು ಅವಲಂಬಿಸಿದೆ.