ಕಣಕುಂಬಿಯ ನೀರು, ಮುನವಳ್ಳಿಯ ಹೊಳಿ



ಮುನವಳ್ಳಿ ಸೇತುವೆ ಮ್ಯಾಲೆ ನಿಂತು ನಾವು ನೋಡೋ ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯೊಳಗ. ಗಡಿಯ ಸಣ್ಣ ಊರು. ಮುಂದ ಚೋರ್ಲಾ ಘಾಟ್, ಘಾಟ್ ಇಳಿದರ ಗೋವಾ. 1956ರ ತನಕ ಈ ಊರು ಮುಂಬೈ ರಾಜ್ಯದಾಗಿತ್ತು, 1961ರ ಡಿಸೆಂಬರ್‌ವರೆಗೂ ಗಡಿಯಾಚೆ ಪೋರ್ಚುಗೀಸರ ಆಳ್ವಿಕೆ ಇತ್ತು. ಊರು ಇದ್ದಲ್ಲೇ ಇತ್ತು, ಸರಕಾರಗಳು ಬದಲಾದವು.

ನೀರಿಗೆ ಮಾತ್ರ ಅಲ್ಲಿ ಬ್ಯಾರೆ ಗಡಿ ಐತಿ. ಗುಡ್ಡದ ನೆತ್ತಿಯಿಂದ ಮೂಡಣಕ್ಕ ಇಳಿದ ಮಳಿ ಮಲಪ್ರಭೆ ಆಗಿ ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ನವಿಲುತೀರ್ಥಕ್ಕ ಬರತೈತಿ. ಅಲ್ಲಿಂದ ಮುನವಳ್ಳಿ, ರಾಮದುರ್ಗ ಹಾದು ಕೂಡಲಸಂಗಮದಾಗ ಕೃಷ್ಣೆ ಸೇರತೈತಿ. ಪಡುವಣಕ್ಕ ಹೊಂಟ ಕಳಸಾ ಹಳ್ಳ ಮಹದಾಯಿ ಕೂಡಿ ಪಣಜಿ ಹತ್ತಿರ ಸಮುದ್ರ ಸೇರತೈತಿ. ಒಂದೇ ಮಳಿ, ಎರಡು ದಾರಿ.

ನವಿಲುತೀರ್ಥದ ಆಣೆಕಟ್ಟು 1970ರ ದಶಕದ ಆರಂಭದಾಗ ಮುಗೀತು. ರೇಣುಕಾಸಾಗರ ತುಂಬಿದರ ಸುಮಾರು 37.73 ಟಿಎಂಸಿ. ಆದರ ತುಂಬೋ ವರ್ಷಕ್ಕಿಂತ ತುಂಬದ ವರ್ಷದ ನೆನಪೇ ನಮಗ ಜಾಸ್ತಿ. ಕಾಲುವೆ ಕೊನೆಯ ಹೊಲಕ್ಕ ನೀರು ಮುಟ್ಟಲಿಲ್ಲ, ಅಭಿವೃದ್ಧಿ ಕರದ ನೋಟಿಸು ಮಾತ್ರ ಮುಟ್ಟಿತು. ಅದಕ್ಕ 1980ರಾಗ ನರಗುಂದ, ನವಲಗುಂದ, ಸವದತ್ತಿ ರೈತರು ಎದ್ದರು. ಜುಲೈ 21ರ ಗೋಲಿಬಾರಿನಾಗ ರೈತರು ಜೀವ ಕಳಕೊಂಡರು. ಆ ದಿನವನ್ನ ಇವತ್ತಿಗೂ ಹುತಾತ್ಮ ದಿನ ಅಂತ ಮಾಡತೇವಿ.

ಪಡುವಣದ ನೀರನ್ನ ಮಲಪ್ರಭೆಗೆ ತಿರುಗಿಸೋ ಕಳಸಾ-ಬಂಡೂರಿ ಯೋಜನೆಗೆ ಹೋರಾಟ ನಡೀತು, ಕಣಕುಂಬಿ ಮಗ್ಗುಲಿಗೆ ನಾಲೆ ತೋಡಿದರು, ಗೋವಾ ತಕರಾರು ತೆಗೀತು. 2010ರಾಗ ನ್ಯಾಯಮಂಡಳಿ ಆತು. 2018ರ ಆಗಸ್ಟ್ ತೀರ್ಪಿನಾಗ ಕರ್ನಾಟಕಕ್ಕ ಒಟ್ಟು 13.42 ಟಿಎಂಸಿ. ಇದನ್ನ ಕೇಳಿ ಭಾಳ ಮಂದಿ ಗುಲಾಲು ಹಾರಿಸಿದರು. ಆದರ ಅದರಾಗ 8.02 ಟಿಎಂಸಿ ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲಿಕ್ಕೆ ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿ 3.9 ಟಿಎಂಸಿ. ಅಂದರ ತುಂಬಿದ ಡ್ಯಾಮಿನ ಹತ್ತನೇ ಒಂದು ಪಾಲು. ಅದೂ ಮುಖ್ಯವಾಗಿ ಕುಡಿಯೋ ನೀರಿನ ಹೆಸರಿನಾಗ.

ಈ ನೀರು ನಮಗ ಬರಬೇಕು, ಅದರಾಗ ಎರಡು ಮಾತಿಲ್ಲ. ಆದರ ಅದನ್ನ ನಂಬಿ ಕಬ್ಬಿನ ಎಕರೆ ಏರಿಸೋದು ಬ್ಯಾಡ್ರಿ. 2019ರ ಆಗಸ್ಟಿನಾಗ ಇದೇ ಹೊಳಿ ಮುನವಳ್ಳಿ, ರಾಮದುರ್ಗದ ಮನಿಯೊಳಗ ನುಗ್ಗಿತ್ತು. ಹಿಂಗ ಒಂದು ವರ್ಷ ಉಕ್ಕಿ, ಇನ್ನೊಂದು ವರ್ಷ ಬತ್ತೋ ಹೊಳಿ ನಮ್ಮದು. ಬಂದ ವರ್ಷದ ನೀರನ್ನ ಹೊಲದ ಬದುವಿನಾಗ, ಕೃಷಿ ಹೊಂಡದಾಗ, ಹಳೇ ಕೆರಿಯೊಳಗ ಹಿಡಿದಿಟ್ಟರ ಅದಕ್ಕ ಯಾವ ನ್ಯಾಯಮಂಡಳಿ ಅಪ್ಪಣೆನೂ ಬೇಕಾಗಿಲ್ಲ.

ನಿಮ್ಮೂರ ಕಡೆ ಕಾಲುವೆ ಕೊನೆಯ ಹೊಲಕ್ಕ ಈ ಸಲ ನೀರು ಮುಟ್ಟೇತೇನು? ತಿಳಸ್ರಿ.